ಬೇಣದಲ್ಲಿ ಲೇಔಟ್: ಕೆಳಗಿನ ತೋಟ, ಬಾವಿ ಉಳಿಯಬೇಕಾದರೆ

ಪ್ರಶ್ನೆ: ಶಿರಸಿ ಪೇಟೆಯಿಂದ ಐದಾರು ಕಿ.ಮೀ. ದೂರದಲ್ಲಿ ನಮ್ಮದು ಮೂರು ಎಕರೆ ಮಾಲ್ಕಿ (ಸ್ವಂತ) ಬೇಣ, ಅಂದರೆ ಹುಲ್ಲು ಬೆಳೆಯುವ ಇಳಿಜಾರು ಜಾಗ. ಹೆಚ್ಚುಕಡಿಮೆ ಚೌಕವಾಗಿದೆ, ಒಂದೊಂದು ಬದಿ 110 ಮೀಟರ್. ಮೇಲೆ ಡಾಂಬರು ರಸ್ತೆ. ಕೆಳಗೆ ದೊಡ್ಡಪ್ಪನ ಮಕ್ಕಳ ಅಡಿಕೆ ತೋಟ, ತೋಟದ ತಲೆಗೆ ಅವರ ಕುಡಿಯುವ ನೀರಿನ ಬಾವಿ, ಪಕ್ಕದಲ್ಲಿ ಮಳೆಗಾಲದ ಹಳ್ಳ. ರಸ್ತೆಯಿಂದ ತೋಟದ ಅಂಚಿಗೆ 14 ಮೀಟರ್ ಇಳುಕಲು. ಬೇಣವನ್ನು ಮೂರು ಮೆಟ್ಟಿಲಾಗಿ ಸಮತಟ್ಟು ಮಾಡಿ 30×40 ಅಡಿಯ 58 ಸೈಟು ತೆಗೆಯುತ್ತೇನೆ ಎನ್ನುತ್ತಾರೆ ಡೆವಲಪರ್. ಏಪ್ರಿಲ್‌ನಲ್ಲಿ ಇಟಾಚಿ (ಮಣ್ಣು ಅಗೆಯುವ ಯಂತ್ರ) ಇಳಿಸುವ ಮಾತು. ದಾಯಾದಿಗಳು ಧರೆ (ಕಡಿದ ಮಣ್ಣಿನ ಬದಿ) ಕುಸಿಯುತ್ತದೆ, ಬಾವಿ ಬತ್ತುತ್ತದೆ ಎಂದು ಹೆದರಿದ್ದಾರೆ. ‘ಸೈಟಿಗೊಂದು ಇಂಗುಗುಂಡಿ ತೋಡಿ ನೂರು ಗಿಡ ನೆಟ್ಟರಾಯಿತು, ಇಷ್ಟು ಸಣ್ಣ ಜಾಗಕ್ಕೆ ಪರಿಸರ ಅನುಮತಿಯೂ ಬೇಡ’ ಎಂದು ಡೆವಲಪರ್ ಸಮಾಧಾನ ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ಲೇಔಟ್ ಮಾಡಿದ ಮಾತ್ರಕ್ಕೆ ನಿಮ್ಮ ಬೇಣ ಕುಸಿಯುವುದಿಲ್ಲ. ಆದರೆ ಡೆವಲಪರ್ ತೋರಿಸಿದ ನಕ್ಷೆಯಂತೆ ಕಡಿದರೆ ದಾಯಾದಿಗಳು ಹೆದರುವುದರಲ್ಲಿ ತಪ್ಪಿಲ್ಲ. ತೋಟಕ್ಕೆ ಆಗುವ ಹಾನಿ ನಿಶ್ಚಯವಾಗುವುದು ಸೈಟುಗಳ ಗೆರೆ ಎಳೆಯುವ ದಿನವೇ. ಆಮೇಲೆ ತೋಡುವ ಗುಂಡಿ, ನೆಡುವ ಗಿಡ ಅದನ್ನು ಸ್ವಲ್ಪ ಕಡಿಮೆ ಮಾಡಬಲ್ಲವು, ಅಷ್ಟೆ.

ಅನುಮತಿಯ ವಿಷಯ ಮೊದಲು ಮುಗಿಸೋಣ. ಕಟ್ಟಡಗಳ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟದಿದ್ದರೆ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಡಿ ಪರಿಸರ ಅನುಮತಿ ಬೇಕಿಲ್ಲ ಎನ್ನುವುದು ನಿಜ. ಹಾಗೆಂದು ಹಾನಿಯೇ ಇಲ್ಲ ಎಂದಲ್ಲ, ಅದನ್ನು ಪರೀಕ್ಷಿಸುವವರು ಯಾರೂ ಇಲ್ಲ ಎಂದಷ್ಟೇ ಅರ್ಥ. ಭೂಪರಿವರ್ತನೆ, ಯೋಜನಾ ಪ್ರಾಧಿಕಾರದ ನಕ್ಷೆ ಮಂಜೂರಾತಿ, ಮಾರುವ ಮೊದಲು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಮರ ಕಡಿಯಲು ಅರಣ್ಯ ಇಲಾಖೆಯ ಪರವಾನಗಿ ಇವೆಲ್ಲ ಹೇಗೂ ಬೇಕು. ಅದಕ್ಕಿಂತ ಮೊದಲು ಪಹಣಿ ಮತ್ತು ಗ್ರಾಮ ನಕಾಶೆ ಎದುರಿಗಿಟ್ಟುಕೊಂಡು ಎರಡು ಸಂಗತಿ ನೋಡಿ. ಆ ಹಳ್ಳ ‘ಬ’ ಖರಾಬಾಗಿ (ಸಾಗುವಳಿಗೆ ಬಾರದ, ಸಾರ್ವಜನಿಕ ಬಳಕೆಯ ಜಾಗವಾಗಿ) ದಾಖಲಾಗಿದ್ದರೆ ಅದು ಸಾರ್ವಜನಿಕ ಸೊತ್ತು, ಸೈಟಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮುಚ್ಚುವಂತೆಯೂ ಇಲ್ಲ. ಬೇಣದ ಯಾವುದಾದರೂ ಮೂಲೆ ಸೊಪ್ಪಿನ ಬೆಟ್ಟಕ್ಕೆ ಸೇರಿದ್ದರೆ ಅದು ತೋಟಕ್ಕೆ ಸೊಪ್ಪು ತರಲು ಕೊಟ್ಟ ಸವಲತ್ತು, ಲೇಔಟಿಗೆ ಬರುವ ಜಾಗವಲ್ಲ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಲೇಔಟ್ ತಕರಾರಿಗೆ ಬೀಳುವುದು ಈ ಎರಡರಿಂದಲೇ.

ಇನ್ನು ನೆಲದ ವಿಷಯ. 110 ಮೀಟರಿಗೆ 14 ಮೀಟರ್ ಇಳುಕಲು ಎಂದರೆ ನೂರಕ್ಕೆ ಹನ್ನೆರಡು ಮುಕ್ಕಾಲರಷ್ಟು. ಕಡಿದಾದ ಗುಡ್ಡವೇನಲ್ಲ. 2009ರಲ್ಲಿ ಕಾರವಾರದ ಕಡವಾಡ, 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ರಂದು ಅಂಕೋಲಾದ ಶಿರೂರು ನೋಡಿದವರಿಗೆ ಇಳಿಜಾರು ಎಂದ ಕೂಡಲೇ ಅವೇ ಕಣ್ಣಿಗೆ ಬರುತ್ತವೆ. ನಿಮ್ಮ ಜಾಗವನ್ನು ಅವುಗಳ ಜೊತೆ ಸೇರಿಸಬೇಕಿಲ್ಲ. ಆದರೆ ಅಲ್ಲೆಲ್ಲ ಭಾರಿ ಮಳೆಯ ನೀರು ಮಣ್ಣಿನೊಳಗೆ ಹೊಕ್ಕು ಕೆಲಸ ಮಾಡಿತು ಎನ್ನುವುದು, ಶಿರೂರಿನಲ್ಲಿ ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದಿದ್ದರು ಎನ್ನುವುದು ಇಲ್ಲಿಗೂ ಪಾಠವೇ.

ನಮ್ಮ ಕಡೆಯ ಬೇಣಗಳಲ್ಲಿ ಸಾಮಾನ್ಯವಾಗಿ ಮೇಲೆ ಒಂದು ಅಡಿಯೊಳಗೆ ಕರಡದ (ಬೇಣದ ಹುಲ್ಲಿನ) ಬೇರಿನ ಮಣ್ಣು, ಅದರಡಿ ಚಿರೆಕಲ್ಲಿನ (ಜಂಬಿಟ್ಟಿಗೆಯ) ಗಟ್ಟಿ ಪದರ, ಅದರ ಕೆಳಗೆ ಶೇಡಿ ಮಣ್ಣು, ಅಂದರೆ ನುಣ್ಣನೆಯ ಜೇಡಿಯಂಥ ಮಣ್ಣು. ಚಿರೆಕಲ್ಲಿನಲ್ಲಿ ತೂತುಗಳಿರುವುದರಿಂದ ನೀರು ಸಲೀಸಾಗಿ ಇಳಿಯುತ್ತದೆ. ಶೇಡಿಯಲ್ಲಿ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಎರಡರ ಸಂದಿನಲ್ಲಿ ನೀರು ಅಡ್ಡಡ್ಡಲಾಗಿ ಇಳಿಜಾರಿನತ್ತ ಹರಿಯುತ್ತದೆ. ನಿಮ್ಮ ದಾಯಾದಿಗಳ ಬಾವಿಗೆ ಬರುವ ನೀರು ಬಹುತೇಕ ಇದೇ. ಒಣಗಿದ ಶೇಡಿ ಗುದ್ದಲಿಗೂ ಜಗ್ಗದಷ್ಟು ಗಟ್ಟಿ, ನೀರು ಕುಡಿದರೆ ಕೈಯಲ್ಲಿ ಹಿಡಿದು ಉಂಡೆ ಕಟ್ಟಬಹುದು. ಏಪ್ರಿಲ್‌ನಲ್ಲಿ ನೆಟ್ಟಗೆ ಕಡಿದ ಧರೆ ಜುಲೈ ಎರಡನೇ ವಾರದಲ್ಲಿ ಕೂರುವುದು ಇದೇ ಕಾರಣಕ್ಕೆ. ಚಿರೆಕಲ್ಲಿನ ಪದರವನ್ನು ಕೊರೆದು ಶೇಡಿಯನ್ನು ಬಯಲು ಮಾಡಿದಿರೋ, ಅಲ್ಲಿಂದ ಮುಂದೆ ಆ ಧರೆಯನ್ನು ಕಾಯುವುದೇ ಕೆಲಸವಾಗುತ್ತದೆ.

ಈಗ ಡೆವಲಪರ್ ನಕ್ಷೆಯನ್ನು ಈ ನೆಲದ ಮೇಲಿಟ್ಟು ನೋಡಿ. ಮೂರು ಮೆಟ್ಟಿಲು ಎಂದರೆ ಒಂದೊಂದರ ಅಗಲ ಸುಮಾರು 37 ಮೀಟರ್, ಎತ್ತರದ ವ್ಯತ್ಯಾಸ 4.7 ಮೀಟರ್. ಕಡಿದ ಮಣ್ಣನ್ನು ಅಲ್ಲೇ ಕೆಳಬದಿಗೆ ತಳ್ಳಿದರೆ ಪ್ರತಿ ಮೆಟ್ಟಿಲಿನ ಒಳಬದಿಯಲ್ಲಿ 2.3 ಮೀಟರ್ ಕಡಿತ, ಹೊರಬದಿಯಲ್ಲಿ 2.3 ಮೀಟರ್ ಭರಾವು (ತುಂಬಿದ ಮಣ್ಣು). ಎರಡು ಮೆಟ್ಟಿಲು ಸೇರುವಲ್ಲಿ 4.7 ಮೀಟರಿನ ಗೋಡೆಯಂಥ ಧರೆ ಏಳುತ್ತದೆ. ಅದರಲ್ಲಿ ಕೆಳಗಿನ ಅರ್ಧ ಹೊಸದಾಗಿ ಬಯಲಾದ ಮಣ್ಣು, ಮೇಲಿನ ಅರ್ಧ ಭರಾವಿನ ಸಡಿಲ ಮಣ್ಣು, ಅದರ ತಲೆಯ ಮೇಲೆ ಯಾರದೋ ಮನೆ. ಮಣ್ಣಿನ ಒಟ್ಟು ಕೆಲಸ 7,000 ಘನ ಮೀಟರ್ ದಾಟುತ್ತದೆ.

ಇದನ್ನೇ ಇನ್ನೊಂದು ರೀತಿ ಮಾಡಬಹುದು. ಸೈಟುಗಳನ್ನು ಅಡ್ಡ ತಿರುಗಿಸಿ. 40 ಅಡಿಯ ಬದಿ ರಸ್ತೆಗೆ ಬರಲಿ, 30 ಅಡಿಯ ಬದಿ ಇಳಿಜಾರಿನ ದಿಕ್ಕಿಗಿರಲಿ. ಆಗ ಒಂದು ಸೈಟಿನೊಳಗಿನ ಇಳುಕಲು 1.55 ಮೀಟರಿನಿಂದ 1.16 ಮೀಟರಿಗೆ ಇಳಿಯುತ್ತದೆ, ಅಂದರೆ 60 ಸೆಂ.ಮೀ. ಕಡಿತ, ಅಷ್ಟೇ ಭರಾವು. ರಸ್ತೆಗಳು ಸಮಮಟ್ಟದ ಗೆರೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಜೊತೆಗೇ ಸಾಗಲಿ, ಮೇಲಿನಿಂದ ಕೆಳಕ್ಕೆ ಇಳಿಯುವ ರಸ್ತೆ ಒಂದೇ ಸಾಕು. 9 ಮೀಟರಿನ ಮೂರು ರಸ್ತೆ, ಪ್ರತಿ ರಸ್ತೆಯ ಎರಡೂ ಬದಿಗೆ ಒಂದೊಂದು ಸಾಲು, ಸಾಲಿಗೆ ಎಂಟು ಸೈಟು. ಒಟ್ಟು 48. ಇಷ್ಟಕ್ಕೆ ಮೇಲಿನ 82 ಮೀಟರ್ ಸಾಕು, ತೋಟದ ಅಂಚಿಗೆ 28 ಮೀಟರ್ ಅಗಲದ ಪಟ್ಟಿ ಹಾಗೇ ಉಳಿಯುತ್ತದೆ. ಮಣ್ಣಿನ ಕೆಲಸ ಸುಮಾರು 1,200 ಘನ ಮೀಟರಿಗೆ ಮುಗಿಯುತ್ತದೆ. ಹತ್ತು ಸೈಟು ಕಡಿಮೆಯಾಗುವುದು ಹೌದು. ಆದರೆ ಇಟಾಚಿ ಬಾಡಿಗೆ, ಟಿಪ್ಪರ್ ಲೋಡು, ಐದು ಮೀಟರಿನ ತಡೆಗೋಡೆ ಇವುಗಳ ಖರ್ಚನ್ನು ಅದರೆದುರು ಬರೆದು ನೋಡಿ. ಡೆವಲಪರ್‌ಗಳು ಸೈಟಿನ ಸಂಖ್ಯೆ ಹೇಳುತ್ತಾರೆ, ಗೋಡೆಯ ಲೆಕ್ಕ ಹೇಳುವುದಿಲ್ಲ.

ಉಳಿದ ಆ 28 ಮೀಟರ್ ಪಟ್ಟಿಯೇ ತೋಟವನ್ನು ಕಾಯುವ ಜಾಗ. ಉದ್ಯಾನ, ನಾಗರಿಕ ಸೌಲಭ್ಯದ ನಿವೇಶನ ಎಂದು ಹೇಗೂ ಜಾಗ ಬಿಡಲೇಬೇಕು. ಅದನ್ನು ಮೇಲ್ಗಡೆ ಮಾರಲಾಗದ ಮೂಲೆಗೆ ತಳ್ಳುವ ಬದಲು ಇಲ್ಲಿಗೆ ತನ್ನಿ. ನೀರಿನ ಹೊಂಡ ಉದ್ಯಾನದ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಯೋಜನಾ ಪ್ರಾಧಿಕಾರದಲ್ಲಿ ಮೊದಲೇ ಕೇಳಿಕೊಳ್ಳಿ. ಹಳ್ಳದ ದಂಡೆಯಿಂದ 10–15 ಮೀಟರ್ ಒಳಗೆ ಯಂತ್ರ ಇಳಿಯುವುದೇ ಬೇಡ.

ಹೊಂಡ ಯಾಕೆ ಬೇಕು? ಮೂರು ಎಕರೆಯಲ್ಲಿ 100 ಮಿ.ಮೀ. ಮಳೆಯೆಂದರೆ 12 ಲಕ್ಷ ಲೀಟರ್ ನೀರು. ಒಟ್ಟು ನೀರಿಗಿಂತ ಅದು ಹರಿದು ಬರುವ ವೇಗ ತೋಟವನ್ನು ಹಾಳು ಮಾಡುತ್ತದೆ. ಗಂಟೆಗೆ 60 ಮಿ.ಮೀ. ಬಿರುಮಳೆ ಬಿದ್ದಾಗ ಹುಲ್ಲು, ಗಿಡಗಂಟಿಯ ಬೇಣದಿಂದ ಸೆಕೆಂಡಿಗೆ ಸುಮಾರು 60 ಲೀಟರ್ ಹೊರಬಿದ್ದರೆ, ಮಾಡು (ಛಾವಣಿ), ಕಾಂಕ್ರೀಟ್, ಡಾಂಬರಿನಿಂದ ತುಂಬಿದ ಲೇಔಟಿನಿಂದ ಸುಮಾರು 150 ಲೀಟರ್ ಬರುತ್ತದೆ. ಅದನ್ನು ಕಾಂಕ್ರೀಟ್ ಚರಂಡಿಯಲ್ಲಿ ನೇರ ಹಳ್ಳಕ್ಕೆ ಬಿಟ್ಟರೆ ಹಳ್ಳದ ದಂಡೆ ಕೊರೆಯುತ್ತದೆ, ತೋಟದ ಕಾದಿಗೆಗಳಿಗೆ (ಬಸಿಗಾಲುವೆಗಳಿಗೆ) ಹೂಳು ತುಂಬುತ್ತದೆ. ಬಸಿಯದ ನೀರಿನಲ್ಲಿ ನಿಂತ ಅಡಿಕೆ ಮರದ ಬೇರು ಕೊಳೆಯುತ್ತದೆ, ಹೆಡೆ (ಸೋಗೆ) ಹಳದಿಗೆ ತಿರುಗುತ್ತದೆ.

ಹೆಚ್ಚಾದ 90 ಲೀಟರನ್ನು ಅರ್ಧ ಗಂಟೆ ಹಿಡಿದಿಡಲು ಸುಮಾರು 165 ಘನ ಮೀಟರ್ ಜಾಗ ಬೇಕು, ಅಂದರೆ 12 ಮೀಟರ್ ಉದ್ದ, 10 ಮೀಟರ್ ಅಗಲ, 1.4 ಮೀಟರ್ ಆಳದ ಹೊಂಡ. ಓರೆ ದಂಡೆ ಸೇರಿದರೂ ಎರಡು ಗುಂಟೆಯ ಆಚೀಚೆ. ಇದು ಇಂಗುಗುಂಡಿಯಲ್ಲ, ನೀರನ್ನು ತಡೆದು ನಿಧಾನಕ್ಕೆ ಬಿಡುವ ಹೊಂಡ. ತಳಮಟ್ಟದಲ್ಲಿ 160 ಮಿ.ಮೀ. ಪಿವಿಸಿ ಪೈಪು ಇಟ್ಟರೆ ಹೊಂಡ ತುಂಬಿದಾಗ ಸೆಕೆಂಡಿಗೆ 50 ಲೀಟರಿನಷ್ಟು ಹೊರಬಿಡುತ್ತದೆ, ಬೇಣವಿದ್ದಾಗ ಬರುತ್ತಿದ್ದುದಕ್ಕಿಂತ ಹೆಚ್ಚಲ್ಲ. ಅದಕ್ಕೂ ಮೀರಿದ ಮಳೆಗೆ ಕಲ್ಲು ಹಾಸಿದ ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ) ಬೇಕೇ ಬೇಕು. ಕೋಡಿಯಿಲ್ಲದೆ ಒಡ್ಡಿನ ಮೇಲೆ ನೀರು ಹತ್ತಿತೆಂದರೆ ಒಡ್ಡು ಒಡೆದು ಇಡೀ ಹೊಂಡ ತೋಟಕ್ಕೆ ಬರುತ್ತದೆ. ಹೊಂಡವನ್ನು ಮೂಲ ನೆಲದೊಳಗೇ ತೋಡಬೇಕು, ಭರಾವಿನ ಮಣ್ಣಿನಲ್ಲಿ ಒಡ್ಡು ಕಟ್ಟಿ ಮಾಡಬಾರದು. ಪೈಪಿನ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿ. ದರಕು (ಉದುರಿದ ಒಣ ಎಲೆ) ಬಂದು ಕಟ್ಟುವುದು ಖಂಡಿತ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆಯಾದರೂ ಬಿಡಿಸಲು ಒಬ್ಬರು ಬೇಕು.

ಮೇಲಿನ ಚರಂಡಿಗಳನ್ನೂ ಪೂರ್ತಿ ಕಾಂಕ್ರೀಟ್ ಮಾಡಬೇಕಿಲ್ಲ. 9 ಮೀಟರ್ ರಸ್ತೆಯಲ್ಲಿ 5.5 ಮೀಟರ್ ಡಾಂಬರಾದರೆ ಸಾಕು, ಪ್ರಾಧಿಕಾರ ಒಪ್ಪಿದರೆ ಬದಿಗಳಲ್ಲಿ ಹುಲ್ಲು ಹಾಸಿನ ಆಳವಿಲ್ಲದ ಕಾಲುವೆ ಇಡಬಹುದು. ಅದರಲ್ಲಿ 30 ಸೆಂ.ಮೀ. ಎತ್ತರದ ಕಲ್ಲಿನ ಅಡ್ಡಗಟ್ಟೆಗಳಿರಲಿ. ಕಾಲುವೆ ನೂರಕ್ಕೆ ಐದು ಇಳಿಜಾರಿದ್ದರೆ ಆರು ಮೀಟರಿಗೊಂದು ಗಟ್ಟೆ. ಕೆಳಗಿನದರ ತಲೆ ಮೇಲಿನದರ ಬುಡದ ಮಟ್ಟಕ್ಕೆ ಬರಬೇಕು, ಇಲ್ಲದಿದ್ದರೆ ನಡುವಿನ ನೆಲ ಕೊರೆಯುತ್ತದೆ. ಕೆಳಕ್ಕೆ ಇಳಿಯುವ ಅಡ್ಡರಸ್ತೆಯ ಚರಂಡಿ ಮಾತ್ರ ಕಾಂಕ್ರೀಟಿನದೇ ಆಗಲಿ, ಮೆಟ್ಟಿಲು ಮೆಟ್ಟಿಲಾಗಿ.

ಸೈಟಿಗೊಂದು ಇಂಗುಗುಂಡಿ ಎಂಬ ಸಲಹೆ ಬಯಲುಸೀಮೆಯಲ್ಲಿ ಒಳ್ಳೆಯದು. ಇಲ್ಲಿ ಕಣ್ಣುಮುಚ್ಚಿ ಮಾಡಿದರೆ ಅಪಾಯ. ಧರೆಯ ಮೇಲ್ಭಾಗದಲ್ಲಿ ಗುಂಡಿ ತೋಡಿ ಶೇಡಿಯ ತಲೆಗೆ ನೀರು ಸುರಿದರೆ ಧರೆಯನ್ನು ನಾವೇ ಒಳಗಿನಿಂದ ತೋಯಿಸಿದಂತೆ. ಯಾವುದೇ ಕಡಿತ ಅಥವಾ ತಡೆಗೋಡೆಯಿಂದ ಅದರ ಎತ್ತರದ ಮೂರು ಪಟ್ಟು ದೂರದೊಳಗೆ ಇಂಗುಗುಂಡಿ ಬೇಡ ಎಂದು ಇಟ್ಟುಕೊಳ್ಳಿ. ಗುಂಡಿಯ ತಳ ಚಿರೆಕಲ್ಲಿನಲ್ಲೇ ನಿಲ್ಲಬೇಕು, ಶೇಡಿ ಮುಟ್ಟಬಾರದು. ಮಾಡಿನ ನೀರು ಮಾತ್ರ ಇಂಗಲಿ, ರಸ್ತೆಯ ನೀರು ಬೇಡ. ಮಳೆಗಾಲದಲ್ಲಿ ಒರತೆ ಏಳುವ ಜಾಗದಲ್ಲಿ ಇಂಗಿಸುವ ಮಾತೇ ಇಲ್ಲ, ಅಲ್ಲಿ ನೀರನ್ನು ಹೊರಹಾಕುವ ದಾರಿ ಮಾಡಬೇಕು.

ಇದೆಲ್ಲ ಗೊತ್ತಾಗಬೇಕಾದರೆ ನೆಲದೊಳಗೆ ನೋಡಬೇಕು. ಅರ್ಧ ಮೀಟರ್ ಅಂತರದ ಸಮಮಟ್ಟದ ಗೆರೆಗಳಿರುವ ಸರ್ವೆ ಮಾಡಿಸಿ. ಜೆಸಿಬಿಯಿಂದ ಮೂರು ಮೀಟರ್ ಆಳದ ಐದಾರು ಪರೀಕ್ಷಾ ಹೊಂಡ ತೆಗೆಸಿ, ಚಿರೆಕಲ್ಲು ಎಲ್ಲಿ ಮುಗಿದು ಶೇಡಿ ಎಲ್ಲಿ ಶುರು ಎಂದು ಪ್ರತಿ ಹೊಂಡದಲ್ಲೂ ಟೇಪು ಹಿಡಿದು ಬರೆದಿಟ್ಟುಕೊಳ್ಳಿ. ನೋಡಿ ಮುಗಿದ ದಿನವೇ ಮುಚ್ಚಿ, ದನ ಬೀಳುತ್ತವೆ. ಇಂಗುವ ವೇಗ ತಿಳಿಯಲು ಒಂದು ಅಡಿ ಚೌಕದ ಗುಳಿ ತೋಡಿ, ಹಿಂದಿನ ದಿನವೇ ನೀರು ತುಂಬಿ ನೆನೆಸಿ, ಮರುದಿನ ನೀರು 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಬೇಕು ನೋಡಿ. ಅರ್ಧ ಗಂಟೆಯೊಳಗಾದರೆ ಸರಿ. ಒಂದು ಗಂಟೆ ದಾಟಿದರೆ ಅಲ್ಲಿ ಇಂಗುಗುಂಡಿಯೂ ಬೇಡ, ಸೆಪ್ಟಿಕ್ ಟ್ಯಾಂಕಿನ ಸೋಕ್‌ಪಿಟ್ಟೂ (ಕೊಳಚೆ ನೀರು ಇಂಗುವ ಗುಂಡಿ) ಬೇಡ.

ಸೋಕ್‌ಪಿಟ್ ಎಂದ ಕೂಡಲೇ ಬಾವಿಯ ಮಾತು. ದಾಯಾದಿಗಳು ಬಾವಿ ಬತ್ತುತ್ತದೆ ಎಂದು ಹೆದರಿದ್ದಾರೆ. ಮೇಲಿನ ನೆಲವನ್ನೆಲ್ಲ ಕಾಂಕ್ರೀಟ್ ಮುಚ್ಚಿದರೆ ಮಾರ್ಚ್–ಏಪ್ರಿಲ್‌ನಲ್ಲಿ ಮಟ್ಟ ಇಳಿಯುವುದು ನಿಜ. ನನ್ನನ್ನು ಕೇಳಿದರೆ ಹೆಚ್ಚು ಹೆದರಬೇಕಾದದ್ದು ನೀರು ಕೆಡುವುದಕ್ಕೆ. 48 ಮನೆ, ಮನೆಗೆ ಐದು ಜನ, ತಲೆಗೆ 135 ಲೀಟರ್ ಬಳಕೆ, ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಬಂದರೆ ದಿನಕ್ಕೆ ಸುಮಾರು 26,000 ಲೀಟರ್. ಮಳೆಗಾಲದಲ್ಲಿ ಚಿರೆಕಲ್ಲಿನ ತೂತುಗಳಲ್ಲಿ ಇದು ಸೋಸದೆ ಓಡುತ್ತದೆ. ಸೋಕ್‌ಪಿಟ್ ಬಾವಿಯಿಂದ 18 ಮೀಟರ್ ದೂರವಿರಬೇಕೆಂಬುದು ಸಾಮಾನ್ಯ ಮಾನದಂಡ, ಬಾವಿಗಿಂತ ಮೇಲೆ ಇರುವಾಗ 30 ಮೀಟರ್ ಆದರೂ ಬಿಡಿ. ಅದಕ್ಕಿಂತ ಒಳ್ಳೆಯದು 48 ಸೋಕ್‌ಪಿಟ್ ಬಿಟ್ಟು ಒಂದೇ ಸಾಮೂಹಿಕ ವ್ಯವಸ್ಥೆ ಮಾಡುವುದು. ಇಳಿಜಾರು ಹೇಗೂ ಇದೆ, ಪಂಪಿಲ್ಲದೆ ಪೈಪಿನಲ್ಲಿ ಕೆಳಕ್ಕೆ ಬರುತ್ತದೆ. ಅಲ್ಲಿ ಕೆಸರು ತಂಗುವ ತೊಟ್ಟಿ, ಅಡ್ಡಗೋಡೆಗಳ ಮುಚ್ಚಿದ ತೊಟ್ಟಿ, ಕೊನೆಗೆ ಕಾಬಾಳೆ ಅಥವಾ ಆಪಿನಂಥ ಜೌಗುಗಿಡ ಬೆಳೆಸಿದ ಜಲ್ಲಿ ಹಾಸು. 240 ಜನಕ್ಕೆ ಜಲ್ಲಿ ಹಾಸಿಗೆ ಮೂರರಿಂದ ನಾಲ್ಕು ಗುಂಟೆ ಬೇಕಾದೀತು. ತಳಕ್ಕೆ ನೀರು ಸೋರದ ಹಾಳೆ ಕಡ್ಡಾಯ. ಇಡೀ ಪಟ್ಟಿಯಲ್ಲಿ ಬಾವಿಯಿಂದ ದೂರದ ಮೂಲೆಯನ್ನು ಇದಕ್ಕೆ ಆರಿಸಿ. ಮಾಡಿನ ನೀರನ್ನು ಯಾರಾದರೂ ಕೊಳಚೆ ಪೈಪಿಗೆ ಜೋಡಿಸಿದರೆ ಮೊದಲ ಮಳೆಗೇ ತೊಟ್ಟಿ ಉಕ್ಕುತ್ತದೆ, ಈ ವ್ಯವಸ್ಥೆ ಕೆಡುವುದು ಹೆಚ್ಚಾಗಿ ಹೀಗೆಯೇ. ಎರಡು–ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸುವ ಖರ್ಚು ನಿವಾಸಿಗಳ ಸಂಘದ ಮೇಲೆ ಬೀಳುತ್ತದೆ, ಅದನ್ನು ಮಾರಾಟದ ಹೊತ್ತಿಗೇ ಹೇಳಿಬಿಡಿ. ಕೆಲಸ ಶುರುವಾಗುವ ಮೊದಲು ಬಾವಿಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ವರದಿಯ ಒಂದು ಪ್ರತಿ ದಾಯಾದಿಗಳಿಗೆ ಕೊಡಿ. ನಾಳೆ ತಕರಾರು ಬಂದರೆ ಇಬ್ಬರಿಗೂ ಆಧಾರ.

ತಡೆಗೋಡೆಯ ವಿಷಯದಲ್ಲಿ ಒಂದೇ ಮಾತು: ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ನೀರಿನ ಒತ್ತಡಕ್ಕೆ. ಎರಡು ಮೀಟರ್ ಗೋಡೆಯ ಹಿಂದೆ ಒಣಮಣ್ಣಿದ್ದರೆ ಮೀಟರ್ ಉದ್ದಕ್ಕೆ ಒಂದೂಕಾಲು ಟನ್ ತಳ್ಳುತ್ತದೆ, ನೀರು ಕಟ್ಟಿಕೊಂಡರೆ ಎರಡೂವರೆ ಟನ್. ಗೋಡೆಯ ಹಿಂದೆ ಒಂದು ಅಡಿ ದಪ್ಪ ಜಲ್ಲಿ, ಒಂದೂವರೆ ಮೀಟರಿಗೊಂದು 75 ಮಿ.ಮೀ. ಪೈಪು, ಪೈಪಿನ ಒಳಬಾಯಿಗೆ ಸೋಸುವ ಬಟ್ಟೆ. ಇಷ್ಟಿಲ್ಲದ ಚಿರೆಕಲ್ಲಿನ ಪಾಗಾರವನ್ನು (ಆವರಣದ ಗೋಡೆಯನ್ನು) ತಡೆಗೋಡೆ ಎಂದು ನಂಬಬೇಡಿ. 1.2 ಮೀಟರ್ ಒಳಗಿನ ಧರೆಗೆ ಚಿರೆಕಲ್ಲು ಸಾಕು, ಅದಕ್ಕಿಂತ ಮೇಲೆ ಹೋದರೆ ಎಂಜಿನಿಯರ್ ಲೆಕ್ಕ ಹಾಕಲಿ. ಶೇಡಿ ಬಯಲಾದ ಕಡೆ ಗೋಡೆಯಿಲ್ಲದೆ ಬಿಡುವುದಾದರೆ ಒಂದು ಅಳತೆ ಎತ್ತರಕ್ಕೆ ಒಂದೂವರೆ ಅಳತೆ ಓರೆ, ಧರೆಯ ನೆತ್ತಿಯಿಂದ ಒಂದೆರಡು ಮೀಟರ್ ಹಿಂದೆ ಸಿಮೆಂಟಿನ ಕಾಲುವೆ.

ಭರಾವನ್ನು ಹುಲ್ಲು, ದರಕಿನ ಮೇಲೇ ಸುರಿಯುವುದು ಎಲ್ಲೆಲ್ಲೂ ಕಾಣುವ ತಪ್ಪು. ಅದು ಕೊಳೆತು ಜಾರುವ ಪದರವಾಗುತ್ತದೆ. ಮೇಲಿನ 15 ಸೆಂ.ಮೀ. ಮಣ್ಣು ತೆಗೆದು ರಾಶಿ ಹಾಕಿ, ಮೂಲ ನೆಲಕ್ಕೆ ಮೆಟ್ಟಿಲು ಕಡಿದು, 20–25 ಸೆಂ.ಮೀ. ಪದರಗಳಲ್ಲಿ ನೀರು ಹನಿಸಿ ರೋಲರ್ ಹೊಡೆಯಬೇಕು. ತೆಗೆದಿಟ್ಟ ಮೇಲ್ಮಣ್ಣು ಕೊನೆಗೆ ಉದ್ಯಾನಕ್ಕೆ, ಧರೆಗೆ ಬೇಕಾಗುತ್ತದೆ, ಟಿಪ್ಪರಿನವರಿಗೆ ಮಾರಿಬಿಡಬೇಡಿ.

ನೂರು ಗಿಡದ ಬದಲು ಈಗಿರುವ ಮರಗಳ ಪಟ್ಟಿ ಮಾಡಿ. ಅಕೇಶಿಯಾ ಹೋದರೆ ಹೋಗಲಿ. ಮತ್ತಿ, ಹೊನ್ನೆ, ಹಲಸು, ಮುರುಗಲು ಇದ್ದರೆ ಅವುಗಳ ಕೊಂಬೆ ಹರಡಿದಷ್ಟು ಜಾಗದಲ್ಲಿ ಯಂತ್ರವೂ ಭರಾವೂ ಬೇಡ. ಇಳಿಜಾರಿನಲ್ಲಿ ಕಡಿಯಲೇಬೇಕಾದ ಮರದ ಬೊಡ್ಡೆ ಕೀಳಬೇಡಿ. ಆದರೆ ಸತ್ತ ಬೇರು ಕೆಲವೇ ವರ್ಷಗಳಲ್ಲಿ ಕೊಳೆತು ಹಿಡಿತ ಬಿಡುತ್ತದೆ, ಅಷ್ಟರೊಳಗೆ ಹೊಸ ಬೇರು ಇಳಿದಿರಬೇಕು. ಧರೆಗೆ ತೆಂಗಿನ ನಾರಿನ ಬಲೆ ಹಾಸಿ, ಮೊದಲ ಮಳೆಗೆ ಲಾವಂಚವನ್ನು 15 ಸೆಂ.ಮೀ.ಗೊಂದರಂತೆ ಸಾಲು ಹಚ್ಚಿ, ಎತ್ತರದಲ್ಲಿ ಒಂದು ಮೀಟರಿಗೊಂದು ಸಾಲು. ಲಾವಂಚ ಮೊದಲ ಮಳೆಗಾಲಕ್ಕೇ ಧರೆ ಹಿಡಿಯುವುದಿಲ್ಲ, ಆ ವರ್ಷ ಕಾಯುವುದು ಬಲೆ.

ದಾರಿಗಳು ನಿಮ್ಮ ಮುಂದೆ ಮೂರಿವೆ. ಡೆವಲಪರ್ ನಕ್ಷೆಯನ್ನೇ ಒಪ್ಪುವುದು: ಸೈಟು ಹೆಚ್ಚು, ಗೋಡೆಗಳ ಹೊಣೆ ಮುಂದೆ ಯಾರ ತಲೆಗೆ ಬರುತ್ತದೋ ಗೊತ್ತಿಲ್ಲ. 48ರ ನಕ್ಷೆ: ನಾನು ಹೇಳುವುದು ಇದನ್ನೇ. ಮೂರನೆಯದು, ರಸ್ತೆ, ಚರಂಡಿ, ಹೊಂಡ ಮಾತ್ರ ಮಾಡಿ ಸೈಟುಗಳನ್ನು ಇಳಿಜಾರಾಗಿಯೇ ಮಾರುವುದು. ಮಣ್ಣಿನ ಕೆಲಸ ಅತಿ ಕಡಿಮೆ. ಆದರೆ ಕೊಂಡವರು ಒಬ್ಬೊಬ್ಬರೇ ಜೆಸಿಬಿ ತಂದು ಮನಸ್ಸಿಗೆ ಬಂದಂತೆ ಕಡಿದರೆ ಮೊದಲನೆಯದಕ್ಕಿಂತ ಕೆಟ್ಟದಾಗುತ್ತದೆ. ಒಂದು ಮೀಟರಿಗಿಂತ ಹೆಚ್ಚು ಕಡಿತ, ಭರಾವು ಮಾಡುವಂತಿಲ್ಲ ಎಂಬ ಷರತ್ತು ಕ್ರಯಪತ್ರದಲ್ಲೇ ಬರಬೇಕು.

ಕುಮಟಾ, ಅಂಕೋಲಾ, ಕಾರವಾರದ ಓದುಗರು ಇದನ್ನು ಹಾಗೇ ತಮ್ಮ ಜಾಗಕ್ಕೆ ಹಾಕಿಕೊಳ್ಳಬೇಡಿ. ಅಲ್ಲಿ ಇಳಿಜಾರಿಗಿಂತ ಭರಾವಿನ ಸಮಸ್ಯೆ ದೊಡ್ಡದು. ಗಜನಿ (ಉಬ್ಬರದ ಉಪ್ಪುನೀರು ಬರುವ ತಗ್ಗು ನೆಲ), ಗದ್ದೆಗಳನ್ನು ಕೆಂಪುಮಣ್ಣಿನಿಂದ ಎತ್ತರಿಸಿದರೆ ಉಬ್ಬರದ ಹೊತ್ತಿನ ಮಳೆನೀರು ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಮರಳು ನೆಲದಲ್ಲಿ ನೀರಿನ ಮಟ್ಟ ಮೇಲೇ ಇರುವುದರಿಂದ ಸೋಕ್‌ಪಿಟ್ ನೇರ ಬಾವಿಗೆ ಸೇರಿದಂತೆ. ಸಮುದ್ರ, ಅಳಿವೆ, ಉಬ್ಬರ ಬರುವ ಹೊಳೆಯ ಹತ್ತಿರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಗೆರೆ ಎಲ್ಲಿದೆ ಎಂದು ನೋಡದೆ ಮುಂಗಡ ಕೊಡಬೇಡಿ.

ಕೊನೆಯದಾಗಿ ಏಪ್ರಿಲ್‌ನ ಇಟಾಚಿ. ಒಪ್ಪಬೇಡಿ. ಏಪ್ರಿಲ್–ಮೇಯಲ್ಲಿ ಅಡ್ಡಮಳೆ (ಮುಂಗಾರಿಗೆ ಮೊದಲಿನ ಮಳೆ) ಬರುತ್ತದೆ, ಜೂನ್ ಮೊದಲ ವಾರಕ್ಕೆ ಮುಂಗಾರು, ಅಷ್ಟರಲ್ಲಿ ಗೋಡೆ, ಕಾಲುವೆ ಯಾವುದೂ ಮುಗಿದಿರುವುದಿಲ್ಲ. ಬಯಲಾದ ಶೇಡಿ ಒಮ್ಮೆ ನೀರಿಗೆ ಸೇರಿದರೆ ಹಸಿರು ಬಲೆಯ ಬೇಲಿಯಾಗಲಿ ಹೂಳಿನ ಗುಂಡಿಯಾಗಲಿ ಅದನ್ನು ಹಿಡಿಯಲಾರವು, ಅದರ ಕಣ ಅಷ್ಟು ನುಣುಪು, ದಿನಗಟ್ಟಲೆ ತಳ ಸೇರುವುದಿಲ್ಲ. ಈ ಮಳೆಗಾಲದಲ್ಲಿ ದಾಯಾದಿಗಳನ್ನೂ ಕರೆದುಕೊಂಡು, ಜೋರು ಮಳೆ ಬಂದ ಮರುದಿನ ಬೇಣ ಸುತ್ತಿ, ಒರತೆ ಎದ್ದಲ್ಲಿ, ನೀರು ಹರಿದಲ್ಲಿ ಗೂಟ ಹೊಡೆಯಿರಿ. ಸರ್ವೆಯವರು ಆ ಗೂಟಗಳನ್ನೂ ನಕ್ಷೆಗೆ ಹಿಡಿಯಲಿ. ದೀಪಾವಳಿ ಕಳೆದು ಕೆಲಸ ಶುರುವಾದರೆ ಮೊದಲು ಕೆಳಗಿನ ಹೊಂಡ, ಆಮೇಲೆ ರಸ್ತೆ, ಕಾಲುವೆ, ಫೆಬ್ರುವರಿ ಒಳಗೆ ಮಣ್ಣಿನ ಕೆಲಸ ಪೂರ್ತಿ, ಏಪ್ರಿಲ್ ಒಳಗೆ ಗೋಡೆ ಮತ್ತು ಬಲೆ. ಈ ಅನುಕ್ರಮ ಜಂಟಿ ಅಭಿವೃದ್ಧಿ ಒಪ್ಪಂದದಲ್ಲೇ ದಿನಾಂಕ ಸಮೇತ ಇರಲಿ. ಮೇ 15ಕ್ಕೆ ಬಯಲು ಮಣ್ಣು ಉಳಿದಿದ್ದರೆ ಮುಚ್ಚಿಸುವ ಖರ್ಚು ಡೆವಲಪರ್‌ನದು ಎಂದೂ, ಮೊದಲ ಮಳೆಗಾಲ ಮುಗಿದು ಧರೆ, ಹೊಂಡ ನೋಡುವವರೆಗೆ ಅವರ ಪಾಲಿನ ಕೊನೆಯ ಕೆಲವು ಸೈಟುಗಳನ್ನು ಬಿಟ್ಟುಕೊಡುವುದಿಲ್ಲ ಎಂದೂ ಬರೆಸಿ.